ಬೇಡ ಎನ್ನಬಲ್ಲ ಸರ್ಕಾರಿ ವಕೀಲ

2000ನೇ ಇಸವಿಯ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಮೇಲಿನ 108 ದಿನಗಳನ್ನು ಆಗ ಬುದ್ಧಿ ಬಲಿತಿದ್ದ ಯಾವ ಕನ್ನಡಿಗರೂ ಮರೆತಿಲ್ಲ. ಆದರೆ ಅದೇ ಹೊತ್ತಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ವಿಶೇಷ ನ್ಯಾಯಾಲಯದಲ್ಲಿ ನಡೆದ ಸಂಗತಿ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಜೈಲಿನಲ್ಲಿದ್ದ ಟಾಡಾ ಬಂದಿಗಳನ್ನು ಬಿಡಬೇಕು ಎಂಬುದು ವೀರಪ್ಪನ್ ಇಟ್ಟ ಬೇಡಿಕೆಗಳಲ್ಲೊಂದು. ರಾಜ್ಯ ಸರ್ಕಾರ ಒಪ್ಪಿತು. ಸರ್ಕಾರದ ಪರ ವಿಶೇಷ ಅಭಿಯೋಜಕರು ಆರೋಪಿಗಳ ಮೇಲಿನ ಟಾಡಾ ಆರೋಪಗಳನ್ನು ಹಿಂಪಡೆಯಲು ಅರ್ಜಿ ಹಾಕಿದರು. ವಿಶೇಷ ನ್ಯಾಯಾಲಯ ಅನುಮತಿಯನ್ನೂ ಕೊಟ್ಟಿತು. ವೀರಪ್ಪನ್ ತಂಡದ ಕೈಯಲ್ಲಿ ಮಡಿದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಅಬ್ದುಲ್ ಕರೀಂ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷದ ನವೆಂಬರ್ 7ರಂದು ಕೋರ್ಟ್ ಅನುಮತಿಯನ್ನು ರದ್ದು ಮಾಡಿತು. ರಾಜ್‌ಕುಮಾರ್ ಇನ್ನೂ ಕಾಡಿನಲ್ಲೇ ಇದ್ದರು. ಬಿಡುಗಡೆಯಾದದ್ದು ನವೆಂಬರ್ 15ರಂದು. ಎರಡು ರಾಜ್ಯಗಳ ನೆಮ್ಮದಿಯೇ ಪಣಕ್ಕೆ ಬಿದ್ದಿದ್ದ ಆ ಗಳಿಗೆಯಲ್ಲೂ ಸುಪ್ರೀಂ ಕೋರ್ಟ್ ಕೇಳಿದ್ದು ತೀರಾ ಸರಳವಾದ ಪ್ರಶ್ನೆ: ಆರೋಪ ಹಿಂಪಡೆಯುವುದರಿಂದ ಸಾರ್ವಜನಿಕ ಹಿತ ಸಾಧನೆಯಾಗುತ್ತದೆ ಎಂದು ಅಭಿಯೋಜಕರು ಸ್ವತಃ ಯೋಚಿಸಿ, ತೂಗಿ ನೋಡಿ ತೀರ್ಮಾನಿಸಿದರೇ, ಇಲ್ಲವೇ ಸರ್ಕಾರ ಹೇಳಿದ್ದಕ್ಕೆ ಸಹಿ ಹಾಕಿದರೇ?

ಈ ಪ್ರಶ್ನೆ ವೀರಪ್ಪನ್ ಜೊತೆಗೇ ಮುಗಿದುಹೋದದ್ದಲ್ಲ. ನಮ್ಮ ಕಾನೂನು ಸರ್ಕಾರಿ ವಕೀಲರಿಗೆ ಸರ್ಕಾರಕ್ಕೇ ‘ಬೇಡ’ ಎನ್ನುವ ಅಧಿಕಾರವನ್ನು ಕೊಟ್ಟಿದೆ. ಕ್ರಿಮಿನಲ್ ಪ್ರಕರಣದಲ್ಲಿ ಅದು ಬರವಣಿಗೆಯಲ್ಲೇ ಇದೆ. ಸಿವಿಲ್ ವ್ಯಾಜ್ಯದಲ್ಲಿ ಅವರ ಅಭಿಪ್ರಾಯ ಕೇಳುವ ಪದ್ಧತಿಯಲ್ಲಿದೆ. ಆದರೆ ಹಾಗೆಂದ ಮೇಲೂ ಅವರು ಕುರ್ಚಿಯಲ್ಲಿ ಉಳಿಯುತ್ತಾರೆ ಎಂಬ ಭರವಸೆಯನ್ನು ಯಾವ ಸರ್ಕಾರವೂ ಕೊಟ್ಟಿಲ್ಲ. ಕೊಲೆ ಪ್ರಕರಣ ಬಿದ್ದುಹೋದಾಗ ನಾವು ಪೊಲೀಸರನ್ನು ಬೈಯುತ್ತೇವೆ. ರೈತನಿಗೆ ಪರಿಹಾರ ಬರಲು ಇಪ್ಪತ್ತು ವರ್ಷ ಹಿಡಿದಾಗ ನ್ಯಾಯಾಲಯವನ್ನು ಬೈಯುತ್ತೇವೆ. ಇವೆರಡರ ನಡುವೆ ಕಪ್ಪು ಕೋಟು ತೊಟ್ಟು ಸರ್ಕಾರದ ಕಡತ ಹಿಡಿದು ನಿಂತವರು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡೂ ಕಡೆ ಕಾಣುವುದು ಒಂದೇ ಕಾಯಿಲೆ, ಅದು ಇರುವುದು ಆ ಮನುಷ್ಯನ ಸಹಿಯಲ್ಲಿ ಎಂಬುದು ಈ ಬರಹದ ವಾದ.

ತಾಲ್ಲೂಕು ಮಟ್ಟದಲ್ಲಿ ಈ ಹುದ್ದೆಯ ಹೆಸರೇ ಜೋಡಿ ಹೆಸರು: ಸಹಾಯಕ ಸರ್ಕಾರಿ ಅಭಿಯೋಜಕರು ಮತ್ತು ಸಹಾಯಕ ಸರ್ಕಾರಿ ವಕೀಲರು. ಕೋರ್ಟ್ ಆವರಣದಲ್ಲಿ ಎಲ್ಲರೂ ಕರೆಯುವುದು ಎ.ಪಿ.ಪಿ. ಎಂದೇ. ಮ್ಯಾಜಿಸ್ಟ್ರೇಟರ ಮುಂದೆ ಕಳವು, ಹೊಡೆದಾಟ, ಅಪಘಾತದ ಪ್ರಕರಣಗಳನ್ನು ನಡೆಸುವ ಈ ಹುದ್ದೆಯ ಹೆಸರಿನಲ್ಲೇ ಸರ್ಕಾರದ ಸಿವಿಲ್ ದಾವೆಗಳ ಹೊಣೆಯೂ ಸೇರಿಕೊಂಡಿದೆ. ಸ್ವಾತಂತ್ರ್ಯ ಬಂದು ಎರಡೂವರೆ ದಶಕದವರೆಗೆ ದೇಶದ ಬಹುತೇಕ ಕಡೆ ಕೆಳ ನ್ಯಾಯಾಲಯಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ಪೊಲೀಸ್ ಇಲಾಖೆಯವರೇ. ಹಿಡಿದವರೂ ಅವರೇ, ವಾದಿಸಿದವರೂ ಅವರೇ. ಎಂ.ಸಿ. ಸೆಟಲ್‌ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲಿ ಇದು ಸಲ್ಲದು ಎಂದಿತು; 1973ರ ದಂಡ ಪ್ರಕ್ರಿಯಾ ಸಂಹಿತೆ ಅಭಿಯೋಜನೆಯನ್ನು ತನಿಖೆಯಿಂದ ಬೇರ್ಪಡಿಸಿತು. ಸೆಷನ್ಸ್ ನ್ಯಾಯಾಲಯದ ಅಭಿಯೋಜಕರಿಗೆ ಕನಿಷ್ಠ 7 ವರ್ಷದ ವಕೀಲಿ ಅನುಭವ ಬೇಕು ಎಂದಿತು. ಯಾರನ್ನು ನೇಮಿಸಬಹುದು ಎಂಬ ಪಟ್ಟಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಸಿದ್ಧಪಡಿಸಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ರಿಂದ 20ನೇ ಕಲಮುಗಳು ಈ ಚೌಕಟ್ಟನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿವೆ.

ಬೇರ್ಪಡಿಸಿದ್ದರ ಅರ್ಥವೇನು ಎಂಬುದು ತೀರ್ಪುಗಳಲ್ಲಿ ನಿಧಾನವಾಗಿ ಬಿಚ್ಚಿಕೊಂಡಿತು. 1994ರ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣ ಇವುಗಳಲ್ಲಿ ಮುಖ್ಯವಾದುದು. ಕೆಲವು ಕಠಿಣ ಕಾಯ್ದೆಗಳಲ್ಲಿ, ಅಂದು ಟಾಡಾದಲ್ಲಿ, ಇಂದು ಯುಎಪಿಎಯಲ್ಲಿ, ದೋಷಾರೋಪಪಟ್ಟಿ ಸಲ್ಲಿಸುವ ಗಡುವು ಮೀರಿದರೆ ಆರೋಪಿಯನ್ನು ಇನ್ನೂ ಒಳಗಿಡಬೇಕಾದಾಗ ಅಭಿಯೋಜಕರು ವರದಿ ಕೊಡಬೇಕು. ಪೊಲೀಸರು ಕೇಳುವುದೂ ಸಾಲದು, ನ್ಯಾಯಾಧೀಶರಿಗೆ ಹೌದೆನಿಸುವುದೂ ಸಾಲದು. ತನಿಖೆ ಎಲ್ಲಿಗೆ ಬಂದಿದೆ, ಇನ್ನೂ ಏಕೆ ಸಮಯ ಬೇಕು ಎಂಬುದನ್ನು ಅಭಿಯೋಜಕರು ತಾವೇ ಪರಿಶೀಲಿಸಿ ಬರೆದಿರಬೇಕು. ತನಿಖಾಧಿಕಾರಿಯ ಮನವಿಯನ್ನು ಹಾಗೆಯೇ ದಾಟಿಸಿಬಿಡುವ ಅಂಚೆ ಕಚೇರಿಯಲ್ಲ ಈ ಹುದ್ದೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ಅಲ್ಲಿ ತಳೆಯಿತು. ಅಂದರೆ ಒಬ್ಬ ಮನುಷ್ಯನನ್ನು ತಿಂಗಳುಗಟ್ಟಲೆ ಹೆಚ್ಚುವರಿಯಾಗಿ ಜೈಲಿನಲ್ಲಿಡುವ ಮುನ್ನ ಕಾನೂನು ಒಂದು ಬಾಗಿಲನ್ನು ಬೇಕೆಂದೇ ಇಟ್ಟಿದೆ, ಆ ಬಾಗಿಲ ಕೀಲಿಯನ್ನು ಸರ್ಕಾರಿ ವಕೀಲರ ಕೈಗೆ ಕೊಟ್ಟಿದೆ.

ಆ ಕೀಲಿ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ನಡೆದ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪ್ರಕರಣ ಚೆನ್ನೈನಲ್ಲಿ ನಡೆಯುತ್ತಿದ್ದಾಗ, 2001ರಲ್ಲಿ, ಆರೋಪಿಯೇ ಮತ್ತೆ ಅಧಿಕಾರಕ್ಕೆ ಬಂದರು. ಅದಾಗಲೇ ಹೇಳಿಕೆ ಕೊಟ್ಟು ಹೋಗಿದ್ದ 76 ಸಾಕ್ಷಿಗಳನ್ನು ಮತ್ತೆ ಕರೆಸಲಾಯಿತು; ಅವರಲ್ಲಿ 64 ಮಂದಿ ಹಿಂದಿನ ಮಾತಿನಿಂದ ಸರಿದರು. ಸಾಕ್ಷಿ ತಿರುಗಿಬಿದ್ದಾಗ ಅಭಿಯೋಜಕರು ಮಾಡುವ ಮೊದಲ ಕೆಲಸವೆಂದರೆ ಆತನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸುವಂತೆ ಕೋರಿ, ತಾವೇ ಪಾಟೀ ಸವಾಲಿಗೆ ನಿಲ್ಲುವುದು. ವಕೀಲಿ ಕಲಿತವರಿಗೆ ಇದು ಮೊದಲ ವರ್ಷದ ಪಾಠ. ಅಲ್ಲಿ ಸಾಕ್ಷಿಗಳನ್ನು ಮತ್ತೆ ಕರೆಸುವುದಕ್ಕೆ ಅಭಿಯೋಜಕರು ಆಕ್ಷೇಪಿಸಲೂ ಇಲ್ಲ, ತಿರುಗಿಬಿದ್ದವರನ್ನು ಪ್ರಶ್ನಿಸಲೂ ಇಲ್ಲ ಎಂಬುದನ್ನು ಗಮನಿಸಿಯೇ ಸುಪ್ರೀಂ ಕೋರ್ಟ್ 2003ರ ನವೆಂಬರ್‌ನಲ್ಲಿ ಪ್ರಕರಣವನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಇಲ್ಲಿ ಬಿ.ವಿ. ಆಚಾರ್ಯ ಅವರು ವಿಶೇಷ ಅಭಿಯೋಜಕರಾಗಿ ವರ್ಷಗಟ್ಟಲೆ ಅದನ್ನು ಮುನ್ನಡೆಸಿ 2012ರಲ್ಲಿ ರಾಜೀನಾಮೆ ಕೊಟ್ಟರು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ಅವರು ನಾಲ್ಕು ವರ್ಷ ಸೆರೆವಾಸ, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಆಮೇಲಿನದು ಇನ್ನೂ ವಿಚಿತ್ರ. ಹೈಕೋರ್ಟಿನ ಮೇಲ್ಮನವಿಯಲ್ಲಿ ಸರ್ಕಾರದ ಪರ ನಿಂತ ಅಭಿಯೋಜಕರನ್ನು ನೇಮಿಸಿದ್ದು ತಮಿಳುನಾಡು. ಹಾಗೆ ನೇಮಿಸುವ ಅಧಿಕಾರವೇ ತಮಿಳುನಾಡಿಗೆ ಇರಲಿಲ್ಲ, ಅದು ಕರ್ನಾಟಕದ್ದು ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ವಾದ ಮುಗಿದಿತ್ತು. ಕರ್ನಾಟಕಕ್ಕೆ ಉಳಿದದ್ದು ಲಿಖಿತ ವಾದ ಸಲ್ಲಿಸುವ ಅವಕಾಶವಷ್ಟೇ. ಎರಡು ವಾರದೊಳಗೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಕರ್ನಾಟಕ ಸರ್ಕಾರ ಮೇಲ್ಮನವಿ ಹೋಯಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯುವಾಗ ಮೊದಲ ಆರೋಪಿ ತೀರಿಕೊಂಡು ಎರಡು ತಿಂಗಳಾಗಿತ್ತು.

ಈ ಇಡೀ ಕಥೆಯಲ್ಲಿ ಸಾಕ್ಷ್ಯ ಒಂದೇ, ಕಾನೂನು ಒಂದೇ. ಬದಲಾಗುತ್ತ ಹೋದದ್ದು ಸರ್ಕಾರದ ಪರ ಯಾರು ನಿಂತರು, ಅವರನ್ನು ಯಾರು ನಿಲ್ಲಿಸಿದರು ಎಂಬುದು. ಅದು ಬದಲಾದಂತೆಲ್ಲ ಪ್ರಕರಣದ ದಿಕ್ಕೂ ಬದಲಾಯಿತು. ಕೇವಲ ಕಾಕತಾಳೀಯ ಎಂದು ಯಾರಾದರೂ ಹೇಳಬಹುದು. ಆದರೆ ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲೂ 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸುವಾಗ ಅಭಿಯೋಜಕರ ನಡೆಯನ್ನು ಕಟುವಾಗಿ ಟೀಕಿಸಬೇಕಾಯಿತು. ಇವೆರಡೂ ದೇಶದ ಕಣ್ಣಿಗೆ ಬಿದ್ದ ಪ್ರಕರಣಗಳು. ಕಣ್ಣಿಗೆ ಬೀಳದ ತಾಲ್ಲೂಕು ಕೋರ್ಟಿನ ಹೊಡೆದಾಟದ ಪ್ರಕರಣದಲ್ಲಿ ಪಂಚನಾಮೆಯ ಸಾಕ್ಷಿ ತಿರುಗಿಬಿದ್ದಾಗ ಎರಡು ಪ್ರಶ್ನೆ ಕೇಳಿ ಕುಳಿತುಬಿಟ್ಟ ಅಭಿಯೋಜಕರ ಬಗ್ಗೆ ಯಾರೂ ಸುಪ್ರೀಂ ಕೋರ್ಟಿಗೆ ಹೋಗುವುದಿಲ್ಲ.

ಪ್ರಕರಣ ಹಿಂಪಡೆಯುವ ವಿಚಾರಕ್ಕೆ ಬಂದರೆ ಕರ್ನಾಟಕದಲ್ಲಿ ಪಕ್ಷಭೇದವಿಲ್ಲ. 2020ರ ಆಗಸ್ಟಿನಲ್ಲಿ ಅಂದಿನ ಸರ್ಕಾರ ಜನಪ್ರತಿನಿಧಿಗಳೂ ಸೇರಿದಂತೆ ಹಲವರ ಮೇಲಿದ್ದ 61 ಪ್ರಕರಣಗಳನ್ನು ಹಿಂಪಡೆಯಲು ಆದೇಶಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಹಾಕಿತು. ಪೊಲೀಸ್ ಇಲಾಖೆ, ಅಭಿಯೋಜನಾ ನಿರ್ದೇಶನಾಲಯ, ಕಾನೂನು ಇಲಾಖೆ ಮೂರೂ ಇವು ಹಿಂಪಡೆಯಲು ಯೋಗ್ಯವಲ್ಲ ಎಂದು ಅಭಿಪ್ರಾಯ ಕೊಟ್ಟಿದ್ದವು ಎಂಬುದೇ ಅರ್ಜಿದಾರರ ಮುಖ್ಯ ವಾದವಾಗಿತ್ತು. ಸರ್ಕಾರ ಬದಲಾಯಿತು. 2024ರ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರ ಹಳೇ ಹುಬ್ಬಳ್ಳಿ ಠಾಣೆಯ ಗಲಭೆ ಪ್ರಕರಣವೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ಆದೇಶಿಸಿತು. 2025ರ ಮೇ 29ರಂದು ಹೈಕೋರ್ಟ್ ಅದನ್ನು ರದ್ದುಪಡಿಸಿತು. ಎರಡೂ ಬಾರಿ ನಡೆದ ದಾರಿ ಒಂದೇ: ಮನವಿ ಗೃಹ ಇಲಾಖೆಗೆ ಬರುತ್ತದೆ, ಅಲ್ಲಿಂದ ಸಂಪುಟ ಉಪಸಮಿತಿ, ಆಮೇಲೆ ಸಂಪುಟ, ಕೊನೆಗೆ ಆದೇಶವಾಗಿ ಅಭಿಯೋಜಕರ ಮೇಜಿಗೆ. ಕಾನೂನಿನ ದಾರಿ ತಿರುಗುಮುರುಗು. ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮು, ಈಗಿನ ಸುರಕ್ಷಾ ಸಂಹಿತೆಯ 360ನೇ ಕಲಮು, ಪ್ರಕರಣ ಹಿಂಪಡೆಯುವ ಅಧಿಕಾರವನ್ನು ಕೊಟ್ಟಿರುವುದು ಆ ಪ್ರಕರಣ ನಡೆಸುವ ಅಭಿಯೋಜಕರಿಗೆ, ಅದೂ ನ್ಯಾಯಾಲಯದ ಒಪ್ಪಿಗೆಯ ಮೇರೆಗೆ. ರಾಜ್ಯ ಸಂಪುಟದ ಹೆಸರೇ ಅಲ್ಲಿಲ್ಲ. ಉತ್ತರ ಪ್ರದೇಶ ತನ್ನ ಮಟ್ಟಿಗೆ 321ಕ್ಕೆ ತಿದ್ದುಪಡಿ ತಂದು ಸರ್ಕಾರದ ಲಿಖಿತ ಅನುಮತಿ ಬೇಕೆಂದು ಸೇರಿಸಿತ್ತು. ನಾವು ಅಂಥ ತಿದ್ದುಪಡಿಯನ್ನೂ ಮಾಡಲಿಲ್ಲ, ಮಾಡಿದಂತೆ ನಡೆದುಕೊಂಡೆವು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಜನ ಆರಿಸಿದ್ದು ಸರ್ಕಾರವನ್ನು, ಅಭಿಯೋಜಕರನ್ನಲ್ಲ. ಕಾವೇರಿ ಹೋರಾಟದಲ್ಲಿ ರಸ್ತೆಗಿಳಿದ ರೈತರ ಮೇಲಿನ ಪ್ರಕರಣವನ್ನು ಮುಂದುವರಿಸಬೇಕೇ, ಕೈಬಿಡಬೇಕೇ ಎಂಬುದು ಕಾನೂನಿಗಿಂತ ಹೆಚ್ಚಾಗಿ ನಾಡಿನ ನೆಮ್ಮದಿಯ ಪ್ರಶ್ನೆ. ಅದನ್ನು ವಿಧಾನಸಭೆಗೆ ಉತ್ತರ ಕೊಡಬೇಕಾದವರು ತೀರ್ಮಾನಿಸಲಿ. ಪರೀಕ್ಷೆ ಬರೆದು ಬಂದ ನೌಕರನಿಗೆ ಅದನ್ನು ತಡೆಯುವ ಹಕ್ಕು ಏಕೆ? ಈ ಮಾತಿನಲ್ಲಿ ಸತ್ಯವಿದೆ, ಸುಪ್ರೀಂ ಕೋರ್ಟೂ ಅದನ್ನು ಪೂರ್ತಿ ಅಲ್ಲಗಳೆದಿಲ್ಲ. 1980ರ ರಾಜೇಂದರ್ ಕುಮಾರ್ ಜೈನ್ ಪ್ರಕರಣದಲ್ಲಿ ಸಾಕ್ಷ್ಯದ ಕೊರತೆಯಷ್ಟೇ ಅಲ್ಲ, ಸಾರ್ವಜನಿಕ ಶಾಂತಿಯಂಥ ವಿಶಾಲ ಕಾರಣಗಳಿಗೂ ಪ್ರಕರಣ ಹಿಂಪಡೆಯಬಹುದೆಂದು ಒಪ್ಪಿತು, ಸರ್ಕಾರ ಸಲಹೆ ಕೊಡುವುದರಲ್ಲಿ ತಪ್ಪಿಲ್ಲವೆಂದಿತು. 1987ರಲ್ಲಿ ಶಿವನಂದನ್ ಪಾಸ್ವಾನ್ ಪ್ರಕರಣದ ಬಹುಮತದ ತೀರ್ಪು ಬಿಹಾರದ ಮಾಜಿ ಮುಖ್ಯಮಂತ್ರಿಯೊಬ್ಬರ ಮೇಲಿನ ಪ್ರಕರಣದ ಹಿಂಪಡೆತವನ್ನೂ ಎತ್ತಿಹಿಡಿಯಿತು. ನನಗೆ ಅದು ತೀರಾ ಸಡಿಲವಾದ ತೀರ್ಪಾಗಿ ಕಾಣುತ್ತದೆ. ಆದರೆ ಸಡಿಲವಾದ ಆ ತೀರ್ಪುಗಳೂ ಬಿಟ್ಟುಕೊಡದ ಅಂಶವೊಂದಿದೆ: ಸರ್ಕಾರ ಹೇಳಬಹುದು, ತೀರ್ಮಾನಿಸುವುದು ಅಭಿಯೋಜಕರೇ. 2021ರ ಜುಲೈನಲ್ಲಿ ಕೇರಳ ವಿಧಾನಸಭೆಯೊಳಗೆ ಪೀಠೋಪಕರಣ ಒಡೆದ ಶಾಸಕರ ಪ್ರಕರಣ ಹಿಂಪಡೆಯಲು ಸುಪ್ರೀಂ ಕೋರ್ಟ್ ಒಪ್ಪದೇ ಇದ್ದಾಗ ಹೇಳಿದ್ದೂ ಇದನ್ನೇ. ಮರುತಿಂಗಳೇ, ಸಂಸದರು ಮತ್ತು ಶಾಸಕರ ಮೇಲಿನ ಪ್ರಕರಣಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂಪಡೆಯಕೂಡದು ಎಂಬ ಆದೇಶವೂ ಬಂತು. ಚುನಾಯಿತ ಸರ್ಕಾರಕ್ಕೆ ಕಾನೂನು ಮಾಡುವ ಅಧಿಕಾರವಿದೆ, ಕ್ಷಮಾದಾನದ ಸಲಹೆ ಕೊಡುವ ಅಧಿಕಾರವಿದೆ. ಇಂಥವನ ಮೇಲೆ ಪ್ರಕರಣ ಇರಲಿ, ಇಂಥವನ ಮೇಲೆ ಬೇಡ ಎಂದು ಹೆಸರು ಹಿಡಿದು ಆರಿಸುವ ಅಧಿಕಾರವನ್ನೂ ಕೊಟ್ಟರೆ, ಮುಂದಿನ ಚುನಾವಣೆ ಗೆದ್ದವರು ಅದನ್ನು ಹಿಡಿದು ಯಾರ ಬಾಗಿಲಿಗೆ ಬರುತ್ತಾರೆಂದು ಈ ಆಕ್ಷೇಪ ಎತ್ತುವವರು ಒಮ್ಮೆ ಯೋಚಿಸಬೇಕು.

ಈಗ ಸಿವಿಲ್ ಕಡೆಗೆ ತಿರುಗೋಣ. ಇಲ್ಲಿ ಸದ್ದಿಲ್ಲ, ಸುದ್ದಿಯಿಲ್ಲ, ಆದರೆ ಹಣ ಹೋಗುವುದು ಇಲ್ಲೇ. ಸರ್ಕಾರದ ಮೇಲೆ ದಾವೆ ಹೂಡಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಪ್ರಕಾರ ಎರಡು ತಿಂಗಳ ಮುಂಚೆ ನೋಟಿಸು ಕೊಡಬೇಕು. ನೋಟಿಸು ಓದಿ, ಸರಿಯಾದ ಬೇಡಿಕೆಯಿದ್ದರೆ ಕೋರ್ಟಿನ ಹೊರಗೇ ಮುಗಿಸಲಿ ಎಂಬ ಉದ್ದೇಶದಿಂದ ಕೊಟ್ಟ ಕಾಲಾವಕಾಶ ಅದು. ವಾಸ್ತವದಲ್ಲಿ ನೋಟಿಸಿಗೆ ಉತ್ತರ ಬರುವುದು ಅಪರೂಪ. ದಾವೆ ದಾಖಲಾದ ಮೇಲೆ ಸರ್ಕಾರಿ ವಕೀಲರು ಸಂಬಂಧಪಟ್ಟ ಇಲಾಖೆಗೆ ಬರೆದು ಕಂಡಿಕೆವಾರು ಷರಾ ಕೇಳುತ್ತಾರೆ. ಪತ್ರ ಜಿಲ್ಲಾ ಕಚೇರಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ ಇಳಿದು ಮತ್ತೆ ಮೇಲೆ ಹತ್ತಬೇಕು. ಅಷ್ಟರಲ್ಲಿ ನಾಲ್ಕು ವಾಯಿದೆ ಕಳೆದಿರುತ್ತದೆ. ತೀರ್ಪು ಸರ್ಕಾರದ ವಿರುದ್ಧ ಬಂದರೆ ಇದೇ ಯಾತ್ರೆ ಮೇಲ್ಮನವಿಗಾಗಿ ಹೊಸದಾಗಿ ಶುರು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ ಸುಪ್ರೀಂ ಕೋರ್ಟ್, ಕಾಲಮಿತಿಯ ಕಾನೂನು ಸರ್ಕಾರಕ್ಕೂ ಒಂದೇ ಎಂದು ಹೇಳಿ ಬಾಗಿಲು ಮುಚ್ಚಿತು. 2020ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಬಂತು. ಆಗ ಕೋರ್ಟ್ 25,000 ರೂಪಾಯಿ ದಂಡ ಹಾಕಿ, ಇಂಥವನ್ನು ‘ಸರ್ಟಿಫಿಕೇಟ್ ಪ್ರಕರಣ’ಗಳೆಂದು ಕರೆಯಿತು. ಗೆಲ್ಲುವ ಆಸೆಯಿಂದ ಯಾರೂ ಬಂದಿರುವುದಿಲ್ಲ. ಸುಪ್ರೀಂ ಕೋರ್ಟೇ ವಜಾ ಮಾಡಿತು, ನಾವೇನು ಮಾಡೋಣ ಎಂದು ಕಡತಕ್ಕೆ ಅಂಟಿಸಲು ಒಂದು ಪ್ರಮಾಣಪತ್ರ ಬೇಕಾಗಿರುತ್ತದೆ, ಅಷ್ಟೇ.

ಈ ಪ್ರಮಾಣಪತ್ರದ ಬೆಲೆಯನ್ನು ಭೂಸ್ವಾಧೀನದ ಲೆಕ್ಕದಲ್ಲಿ ನೋಡಬೇಕು. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ನ್ಯಾಯಾಲಯ ಪರಿಹಾರ ಹೆಚ್ಚಿಸಿದರೆ, ಹೆಚ್ಚಿಸಿದ ಮೊತ್ತಕ್ಕೆ ಭೂಮಿ ವಶಕ್ಕೆ ಪಡೆದ ಮೊದಲ ವರ್ಷ ಶೇ 9, ಆಮೇಲೆ ಪ್ರತಿ ವರ್ಷ ಶೇ 15 ಬಡ್ಡಿ. 2013ರ ಹೊಸ ಕಾಯ್ದೆಯೂ ಅದೇ ದರಗಳನ್ನು ಉಳಿಸಿಕೊಂಡಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಮುಳುಗಡೆಯಾದ ಊರುಗಳ ಜನರಿಗೆ ಈ ಬಡ್ಡಿಯ ಲೆಕ್ಕ ಬಾಯಿಪಾಠ. ಒಬ್ಬ ರೈತನಿಗೆ ಕೆಳ ನ್ಯಾಯಾಲಯ 10 ಲಕ್ಷ ರೂಪಾಯಿ ಹೆಚ್ಚುವರಿ ಪರಿಹಾರ ಕೊಟ್ಟಿತು ಎನ್ನಿ. ಪಕ್ಕದ ಹೊಲಕ್ಕೆ ಅದೇ ದರ ಹೈಕೋರ್ಟಿನಲ್ಲಿ ಖಾಯಂ ಆಗಿದೆ, ಮೇಲ್ಮನವಿ ಗೆಲ್ಲುವುದಿಲ್ಲ ಎಂಬುದು ಸರ್ಕಾರಿ ವಕೀಲರಿಗೆ ಗೊತ್ತು. ಆದರೂ ಮೇಲ್ಮನವಿ ಹೋಗಿ ಆರು ವರ್ಷ ಕೂತರೆ ಆ ಅವಧಿಯ ಬಡ್ಡಿಯೇ 9 ಲಕ್ಷ ಆಗುತ್ತದೆ. ಯಾವ ಬ್ಯಾಂಕೂ ಇಷ್ಟು ನಿಶ್ಚಿಂತೆಯಿಂದ ಇಂಥ ಸಾಲವನ್ನು ಬೆಳೆಯಲು ಬಿಡುವುದಿಲ್ಲ. ಅತ್ತ ರೈತನಿಗೆ ಹಣ ಸಿಗುವಾಗ ಮಗಳ ಮದುವೆಯೂ ಆಗಿರುತ್ತದೆ, ಸಾಲವೂ ಆಗಿರುತ್ತದೆ. ಕೇಂದ್ರದ ತೆರಿಗೆ ಇಲಾಖೆಯ ಬಗ್ಗೆ 2017–18ರ ಆರ್ಥಿಕ ಸಮೀಕ್ಷೆ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿತ್ತು: ನೇರ ತೆರಿಗೆ ವ್ಯಾಜ್ಯಗಳಲ್ಲಿ ಇಲಾಖೆ ಗೆಲ್ಲುವುದು ಶೇ 30ಕ್ಕಿಂತ ಕಡಿಮೆ, ಆದರೂ ಮೇಲ್ಮನವಿಗಳು ನಿಲ್ಲುವುದಿಲ್ಲ.

ಸೋಲುವುದು ಗೊತ್ತಿದ್ದೂ ಏಕೆ ಹೋಗುತ್ತಾರೆ ಎಂಬುದಕ್ಕೆ ಉತ್ತರ ಕಷ್ಟದ್ದಲ್ಲ. ಮೇಲ್ಮನವಿಗೆ ಯೋಗ್ಯ ಎಂದು ಬರೆದ ವಕೀಲರನ್ನಾಗಲಿ, ಅದನ್ನು ಒಪ್ಪಿದ ಅಧಿಕಾರಿಯನ್ನಾಗಲಿ ಯಾರೂ ಪ್ರಶ್ನಿಸುವುದಿಲ್ಲ. ಯೋಗ್ಯವಲ್ಲ ಎಂದು ಬರೆದರೆ ಲೆಕ್ಕ ತಪಾಸಣೆಯವರು ಕೇಳುತ್ತಾರೆ, ಲೋಕಾಯುಕ್ತಕ್ಕೆ ಮೂಗರ್ಜಿ ಹೋಗುತ್ತದೆ, ರೈತನ ಕಡೆಯಿಂದ ಎಷ್ಟು ತಿಂದ ಎಂಬ ಮಾತು ಕಚೇರಿಯಲ್ಲಿ ಓಡಾಡುತ್ತದೆ. ಬೇಡ ಎಂದವನಿಗೆ ಅಪಾಯ, ಇರಲಿ ಎಂದವನಿಗೆ ನೆಮ್ಮದಿ. ಕ್ರಿಮಿನಲ್ ಕಡೆ ಹಿಂಪಡೆತದ ಅರ್ಜಿಗೆ ಸಹಿ ಹಾಕಿಸುವುದೂ ಸಿವಿಲ್ ಕಡೆ ವ್ಯರ್ಥ ಮೇಲ್ಮನವಿಗೆ ಸಹಿ ಹಾಕಿಸುವುದೂ ಇದೇ ಲೆಕ್ಕಾಚಾರ. ಒಂದು ಪ್ರಕರಣವನ್ನು ಬಿಡಿಸುತ್ತದೆ, ಇನ್ನೊಂದು ಬಿಡದಂತೆ ಹಿಡಿಸುತ್ತದೆ, ವ್ಯತ್ಯಾಸ ಅಷ್ಟೇ.

ಸಿವಿಲ್ ಕಡೆಯ ಆಕ್ಷೇಪವನ್ನು ಕ್ರಿಮಿನಲ್ ಕಡೆಯದಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಸರ್ಕಾರಿ ವಕೀಲರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಕೊಟ್ಟರೆ ಎದುರು ಪಕ್ಷದವರು ಮೊದಲು ಅವರನ್ನೇ ಹಿಡಿಯುತ್ತಾರೆ ಎಂಬುದು ಆ ಆಕ್ಷೇಪ. ಬೆಂಗಳೂರಿನ ಸುತ್ತಲಿನ ಸರ್ಕಾರಿ ಭೂಮಿಯ ಒತ್ತುವರಿ ಯಾವ ಪ್ರಮಾಣದ್ದು ಎಂಬುದನ್ನು ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿಯ ವರದಿ ಓದಿದವರು ಬಲ್ಲರು. ಗೋಮಾಳದ ಜಮೀನು, ಕೆರೆಯಂಗಳ ಕೋಟಿಗಟ್ಟಲೆ ಬೆಲೆ ಬಾಳುವ ಕಡೆ ಸರ್ಕಾರದ ಪರ ಲಿಖಿತ ಹೇಳಿಕೆಯೇ ಸಲ್ಲಿಕೆಯಾಗದೆ ಏಕಪಕ್ಷೀಯ ಡಿಕ್ರಿ ಆಗಿಬಿಡುವ ಭಯ ಕಾಲ್ಪನಿಕವಲ್ಲ. ಆದ್ದರಿಂದ ಕಣ್ಣು ಮುಚ್ಚಿ ಎಲ್ಲಕ್ಕೂ ಮೇಲ್ಮನವಿ ಹೋಗುವುದೇ ಕ್ಷೇಮ ಎನ್ನುವವರಿದ್ದಾರೆ. ಆದರೆ ಶಾಮೀಲು ನಡೆಯುವ ರೀತಿಯನ್ನು ಗಮನಿಸಿ. ಮೇಲ್ಮನವಿ ಬೇಡ, ಇಂತಿಂಥ ಕಾರಣಕ್ಕೆ ಬೇಡ ಎಂದು ಹೆಸರು, ದಿನಾಂಕ ಹಾಕಿ ಬರೆದುಕೊಟ್ಟು ಯಾರೂ ಶಾಮೀಲಾಗುವುದಿಲ್ಲ. ವಾಯಿದೆಗೆ ಹಾಜರಾಗದೆ, ಮುಖ್ಯ ದಾಖಲೆ ಹಾಜರುಪಡಿಸದೆ, ಪಾಟೀ ಸವಾಲಿನಲ್ಲಿ ಕೇಳಬೇಕಾದ್ದನ್ನು ಕೇಳದೆ, ಗಡುವು ಮೀರಿದ ಮೇಲೆ ಕಡತ ಕಳಿಸಿ ಶಾಮೀಲಾಗುತ್ತಾರೆ. ಎಲ್ಲಕ್ಕೂ ಮೇಲ್ಮನವಿ ಹೋಗುವ ಪದ್ಧತಿ ಇಂಥವರಿಗೆ ಹೇಳಿ ಮಾಡಿಸಿದ್ದು. ನೂರು ನಿರುಪಯುಕ್ತ ಮೇಲ್ಮನವಿಗಳ ರಾಶಿಯಲ್ಲಿ, ನಿಜಕ್ಕೂ ಗೆಲ್ಲಬೇಕಾಗಿದ್ದ ಒಂದು 700 ದಿನ ತಡವಾಗಿ ಸಲ್ಲಿಕೆಯಾಗಿ ವಜಾ ಆದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಇನ್ನೊಂದು ಮಾತನ್ನು ವಕೀಲರೇ ಹೇಳುತ್ತಾರೆ: ಕಕ್ಷಿದಾರ ಹೇಳಿದಂತೆ ನಡೆಯುವುದು ವಕೀಲನ ಧರ್ಮ, ಸರ್ಕಾರವೂ ಒಬ್ಬ ಕಕ್ಷಿದಾರ. ಸಿವಿಲ್ ವ್ಯಾಜ್ಯದಲ್ಲಿ ಕೊನೆಯ ತೀರ್ಮಾನ ಇಲಾಖೆಯದೇ ಎಂಬುದನ್ನು ಒಪ್ಪೋಣ. ಆದರೆ ಖಾಸಗಿ ಕಕ್ಷಿದಾರ ತನ್ನ ಹಣ ತಾನು ಕಳೆದುಕೊಳ್ಳುತ್ತಾನೆ. ಇಲ್ಲಿ ಹೋಗುವುದು ಎದುರು ನಿಂತ ರೈತನ ತೆರಿಗೆಯೂ ಸೇರಿದ ಹಣ. 1973ರಲ್ಲೇ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ರೈಲ್ವೆ ನೌಕರನೊಬ್ಬನ ಪ್ರಕರಣದಲ್ಲಿ, ತಾಂತ್ರಿಕ ಕಾರಣ ಹಿಡಿದು ನ್ಯಾಯವಾದ ಬೇಡಿಕೆಯನ್ನು ಸೋಲಿಸುವುದು ಸರ್ಕಾರಕ್ಕೆ ತಕ್ಕದ್ದಲ್ಲ ಎಂಬರ್ಥದಲ್ಲಿ ಬರೆದಿದ್ದರು. 1976ರ ತಿದ್ದುಪಡಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 27ನೇ ಆದೇಶಕ್ಕೆ ಹೊಸ ನಿಯಮವೊಂದನ್ನು ಸೇರಿಸಿ, ಸರ್ಕಾರ ಪಕ್ಷಕಾರನಾಗಿರುವ ದಾವೆಗಳಲ್ಲಿ ರಾಜಿಗೆ ನೆರವಾಗುವುದನ್ನು ನ್ಯಾಯಾಲಯದ ಕರ್ತವ್ಯವನ್ನಾಗಿಯೇ ಮಾಡಿತು. ರಾಜಿಗೆ ಒಪ್ಪಬಲ್ಲ ಅಧಿಕಾರವಿರುವ ಯಾರೂ ಕೋರ್ಟಿಗೆ ಬರದಿದ್ದರೆ ನ್ಯಾಯಾಧೀಶರು ನೆರವಾಗುವುದಾದರೂ ಯಾರಿಗೆ?

ಹಾಗಾದರೆ ಕುರ್ಚಿಯ ಭದ್ರತೆ ಎಲ್ಲಿದೆ? 1990ರಲ್ಲಿ ಉತ್ತರ ಪ್ರದೇಶ ಸರ್ಕಾರ ಒಂದೇ ಸುತ್ತೋಲೆಯಲ್ಲಿ ರಾಜ್ಯದ ಎಲ್ಲ ಜಿಲ್ಲಾ ಸರ್ಕಾರಿ ವಕೀಲರನ್ನು ಮನೆಗೆ ಕಳಿಸಿತು. ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮನಸೋಇಚ್ಛೆಯ ಕ್ರಮವೆಂದು ರದ್ದುಮಾಡಿ, ಇದು ವಕೀಲ–ಕಕ್ಷಿದಾರ ಸಂಬಂಧ ಮಾತ್ರವಲ್ಲ, ಸಾರ್ವಜನಿಕ ಹುದ್ದೆ ಎಂದಿತು. 2016ರ ಬ್ರಿಜೇಶ್ವರ್ ಸಿಂಗ್ ಚಾಹಲ್ ತೀರ್ಪು ಪಂಜಾಬ್, ಹರಿಯಾಣಗಳಲ್ಲಿ ಕಾನೂನು ಅಧಿಕಾರಿಗಳ ನೇಮಕಾತಿ ಅರ್ಹತೆಯ ಮೇಲೆ, ಪಾರದರ್ಶಕವಾಗಿ ನಡೆಯಬೇಕೆಂದಿತು. ನಮ್ಮಲ್ಲಿ 1977ರ ಕರ್ನಾಟಕ ಕಾನೂನು ಅಧಿಕಾರಿಗಳ ನಿಯಮಗಳಿವೆ, ಆದರೂ ಸರ್ಕಾರ ಬದಲಾದಾಗ ಹೈಕೋರ್ಟಿನ ಸರ್ಕಾರಿ ವಕೀಲರ ಪಟ್ಟಿಯೂ ಬದಲಾಗುವುದು ಯಾರಿಗೂ ಸುದ್ದಿಯೆನಿಸುವುದಿಲ್ಲ. ಅಡ್ವೊಕೇಟ್ ಜನರಲ್ ಬದಲಾಗುವುದು ಸರಿ. ಸಂವಿಧಾನದ 165ನೇ ವಿಧಿಯ ಪ್ರಕಾರ ಅವರು ಸರ್ಕಾರದ ಸಲಹೆಗಾರರು, ರಾಜ್ಯಪಾಲರ ಇಷ್ಟವಿರುವವರೆಗೆ ಇರುವವರು. ಆದರೆ ಅರ್ಧ ನಡೆದ ಕೊಲೆ ಮೇಲ್ಮನವಿಯ ಕಡತ ಹಿಡಿದವರು ಏಕೆ ಬದಲಾಗಬೇಕು? ಪರೀಕ್ಷೆ ಬರೆದು ಬಂದ ಎ.ಪಿ.ಪಿ.ಗಳಿಗೆ ಕೆಲಸದ ಭದ್ರತೆಯೇನೋ ಇದೆ. ಆದರೆ ಅವರ ನಿರ್ದೇಶನಾಲಯ ಗೃಹ ಇಲಾಖೆಯ ಆಡಳಿತದ ಕೆಳಗಿರಬೇಕೆಂದು ಕಾನೂನೇ ಹೇಳುತ್ತದೆ. ಪೊಲೀಸರಿಂದ ಬೇರ್ಪಡಿಸಿ, ಪೊಲೀಸರನ್ನು ನಡೆಸುವ ಇಲಾಖೆಗೇ ಒಪ್ಪಿಸಿದಂತಾಯಿತು. ಇಂಗ್ಲೆಂಡಿನಲ್ಲಿ 1985ರ ಕಾಯ್ದೆಯಿಂದ ಹುಟ್ಟಿದ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್ ಗೃಹ ಸಚಿವರ ಕೈಕೆಳಗಿಲ್ಲ, ಅದರ ಮೇಲ್ವಿಚಾರಣೆ ಅಟಾರ್ನಿ ಜನರಲ್ ಅವರದು. ನಮ್ಮ ನಿರ್ದೇಶನಾಲಯವನ್ನೂ ಗೃಹ ಇಲಾಖೆಯಿಂದ ಬಿಡಿಸಿ ಕಾನೂನು ಇಲಾಖೆಗೆ ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನಲಾರೆ. ಮಂತ್ರಿ ಅಲ್ಲೂ ಇರುತ್ತಾರೆ. ಆದರೆ ಬಂಧಿಸಿದವರೂ ಬಡ್ತಿ ಕೊಡುವವರೂ ಒಂದೇ ಸೂರಿನಡಿ ಇರುವುದಾದರೂ ತಪ್ಪುತ್ತದೆ.

ಹೊಸ ಸಂಹಿತೆ ಎರಡು ಸಣ್ಣ ಬಾಗಿಲುಗಳನ್ನು ತೆರೆದಿದೆ. 360ನೇ ಕಲಮಿನಲ್ಲಿ, ಸಂತ್ರಸ್ತರ ಮಾತು ಕೇಳದೆ ನ್ಯಾಯಾಲಯ ಹಿಂಪಡೆತಕ್ಕೆ ಒಪ್ಪಕೂಡದು ಎಂದು ಸೇರಿಸಲಾಗಿದೆ. 20ನೇ ಕಲಮು ಏಳರಿಂದ ಹತ್ತು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸ್ ವರದಿಯನ್ನು ಪರಿಶೀಲಿಸುವ ಕೆಲಸವನ್ನು ಅಭಿಯೋಜನೆಯ ಉಪನಿರ್ದೇಶಕರಿಗೆ ಕೊಟ್ಟು, ಮೇಲ್ಮನವಿಯ ಬಗ್ಗೆ ಅಭಿಪ್ರಾಯ ಹೇಳುವ ಹೊಣೆಯನ್ನು ನಿರ್ದೇಶಕರಿಗೆ ಹೊರಿಸಿದೆ. ಈ ಅಭಿಪ್ರಾಯಗಳು ಕಾರಣಸಹಿತವಾಗಿ ದಾಖಲಾಗಬೇಕು. ಸರ್ಕಾರ ಅದನ್ನು ಮೀರಿ ನಡೆದರೆ ಮೀರಿದವರೂ ಕಾರಣ ಬರೆಯಬೇಕು. ಪ್ರಕರಣ ಮುಗಿದ ಮೇಲೆ ಎರಡನ್ನೂ ಓದಲು ಸಿಗುವಂತಿರಬೇಕು. 2014ರ ಕಿಶನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಖುಲಾಸೆಯನ್ನೂ ಹಿರಿಯ ಪೊಲೀಸ್ ಮತ್ತು ಅಭಿಯೋಜನಾ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿತ್ತು. ಖುಲಾಸೆಯಲ್ಲಿ ತಪ್ಪು ಹುಡುಕುವ ಅಂಥ ಸಮಿತಿಯೇ ವರ್ಷಕ್ಕೊಮ್ಮೆ, ವಜಾ ಆದ ಮೇಲ್ಮನವಿಗಳ ಪಟ್ಟಿಯನ್ನೂ ತೆಗೆದು, ಯಾವುದರಲ್ಲಿ ಸರ್ಕಾರಿ ವಕೀಲರು ಮೊದಲೇ ಬೇಡ ಎಂದಿದ್ದರು, ಆ ಮಾತನ್ನು ಮೀರಿದವರು ಯಾರು, ಅದರಿಂದ ಬಡ್ಡಿ ಎಷ್ಟು ಬೆಳೆಯಿತು ಎಂದು ಲೆಕ್ಕ ಹಾಕಿದರೆ, ಬೇಡ ಎಂದು ಬರೆದ ಎ.ಪಿ.ಪಿ.ಯ ಸೇವಾ ಪುಸ್ತಕದಲ್ಲಿ ಅದು ಒಂದು ಗೆಲುವಾಗಿ ದಾಖಲಾಗಬಹುದು.